ಅರ್ಧ ಮಾತ್ರೆ

ಚಮಚದ ಬೆನ್ನಿನಿಂದ ಮಾತ್ರೆಯನ್ನು ಅರೆಯುತ್ತಿದ್ದಾಗ ಹಜಾರದಲ್ಲಿ ಫೋನು ಹೊಡೆದುಕೊಂಡಿತು. ಬೆಳಿಗ್ಗೆ ಆರೂಮುಕ್ಕಾಲಿಗೆ ಫೋನು ಮಾಡುವವರು ಒಳ್ಳೆಯ ಸುದ್ದಿ ತರುವುದು ಕಡಿಮೆ. ಹೆಂಡತಿ ಎತ್ತಿಕೊಂಡು "ಹೂಂ, ಹೇಳಿ" ಎಂದದ್ದು ಕೇಳಿಸಿತು. ಅವನು ಬಿಳಿ ಪುಡಿಯನ್ನು ಹಾಲಿನ ಲೋಟಕ್ಕೆ ಉದುರಿಸಿ, ಎರಡು ಚಮಚ ಸಕ್ಕರೆ ಹಾಕಿ ಕದಡಿದ. ಚಮಚ ತೊಳೆದ. ಪುಡಿ ಬಿದ್ದಿದ್ದ ಕಟ್ಟೆಯ ಮೇಲೆ ಒದ್ದೆ ಬಟ್ಟೆ ಆಡಿಸಿದ. ಇಷ್ಟನ್ನೂ ಅವನು ಕಣ್ಣು ಮುಚ್ಚಿಕೊಂಡು ಮಾಡಬಲ್ಲವನಾಗಿದ್ದ.

"ರೀ," ಎಂದು ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಮೊಟ್ಟೆಯಕ್ಕನ ಮಗಳು ಹೋಗ್ಬಿಟ್ಲಂತೆ."

"ಹೋಗ್ಬಿಟ್ಲು ಅಂದ್ರೆ?"

"ಮಲಗಿದ್ದಲ್ಲೇ. ಎಬ್ಬಿಸೋಕೆ ಹೋದ್ರೆ ದಿಂಬಲ್ಲಿ ಮುಖ ಇಟ್ಕೊಂಡು ತಣ್ಣಗಾಗಿದ್ಲಂತೆ. ಫಿಟ್ಸ್ ಬಂದಿರ್ಬೇಕು ಅಂತಿದಾರೆ." ಅವಳು ಫೋನನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು. "ಆದ್ರೆ ಅವಳಿಗೆ ಪ್ರಾರ್ಥನೆ ಆಗಿತ್ತಲ್ಲರೀ. ನಮ್ಮ ಪುಟ್ಟಿನೇ ತಲೆ ಮೇಲೆ ಕೈಯಿಟ್ಟಿದ್ಲಲ್ಲ."

ಅವನು ಲೋಟ ಎತ್ತಿಕೊಂಡು ಹೋಗಿ ಮಗಳ ಕೈಗೆ ಕೊಟ್ಟ. ಅವಳು ಶಾಲೆಯ ಸಾಕ್ಸ್ ಒಂದನ್ನು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಳು. ಒಂದೇ ಉಸಿರಿಗೆ ಕುಡಿದು, ಮೇಲ್ತುಟಿಯ ಮೇಲೆ ಬಿಳಿ ಮೀಸೆ ಬಿಟ್ಟುಕೊಂಡು, ಲೋಟ ವಾಪಸು ಕೊಟ್ಟಳು.

ಮೊಟ್ಟೆ ಅಂಗಡಿಯವಳ ಮಗಳು ಮಾತ್ರೆ ಬಿಟ್ಟದ್ದು ಅವನ ಮಗಳನ್ನು ನೋಡಿ. ಅವನ ಮಗಳ ಹೊಟ್ಟೆಗೆ ಮಾತ್ರೆ ಈಗಲೂ ಹೋಗುತ್ತಿತ್ತು. ಈ ಎರಡನೆಯ ಸಂಗತಿ ಗೊತ್ತಿದ್ದದ್ದು ಲೋಕದಲ್ಲಿ ಇಬ್ಬರಿಗೆ, ಅವನಿಗೆ ಮತ್ತು ಆಸ್ಪತ್ರೆಯ ಡಾಕ್ಟರಿಗೆ. ದೇವರನ್ನು ಸೇರಿಸಿದರೆ ಮೂವರು. ಅವನು ಸೇರಿಸುತ್ತಿದ್ದ.

ತೂಕದ ಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಅಂಗಡಿ, ಗೋದಾಮು, ಔಷಧಿ ಕಂಪನಿ, ಎಲ್ಲೆಲ್ಲಿ ತಕ್ಕಡಿಯೋ ಅಲ್ಲೆಲ್ಲ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದುಕೊಂಡು ಹೋಗಿ, ಮುಳ್ಳು ಸೊನ್ನೆಗೆ ನಿಲ್ಲುವ ತನಕ ತಿರುಪು ಸಡಿಲಿಸಿ ಬಿಗಿಸಿ, ಸೀಸದ ಮುದ್ರೆ ಒತ್ತಿ ಬರುತ್ತಿದ್ದ. ಭಾನುವಾರದ ಪ್ರಾರ್ಥನಾ ಸಭೆಯಲ್ಲಿ ಅವನನ್ನು ತಕ್ಕಡಿಯಣ್ಣ ಎಂದೇ ಕರೆಯುತ್ತಿದ್ದರು. ಪಾಸ್ಟರು ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಉಪದೇಶದಲ್ಲಿ ಅವನ ಕಸುಬನ್ನು ಎಳೆದು ತರುವರು. ಆಗ ಎಲ್ಲರೂ ಹಿಂದಿರುಗಿ ನೋಡಿದರೆ ಅವನು ಹಲ್ಲು ಕಿರಿಯುವುದು, ಹೆಂಡತಿ ಮೊಣಕೈಯಿಂದ ತಿವಿಯುವುದು. ಚಿನ್ನದಂಗಡಿಯ ಪುಟ್ಟ ತಕ್ಕಡಿಗಳಿಗೆಂದು ಇಟ್ಟುಕೊಂಡಿದ್ದ ಕಾಗದದಂಥ ಬಟ್ಟುಗಳಿಂದ ಅವನು ಮಗಳ ಮಾತ್ರೆಯ ಎರಡು ಹೋಳುಗಳನ್ನೂ ತೂಗುತ್ತಿದ್ದ. ಒಂದು ಕಡೆ ಹೆಚ್ಚಾದರೆ ಬ್ಲೇಡಿನಿಂದ ಕೆರೆದು ಸರಿ ಮಾಡುತ್ತಿದ್ದ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಮಾತ್ರೆಯ ಪಟ್ಟಿ ಇರುತ್ತಿದ್ದದ್ದೂ ಆ ಬಟ್ಟುಗಳ ಪೆಟ್ಟಿಗೆಯಲ್ಲೇ, ವೆಲ್ವೆಟ್ಟಿನ ಅಡಿಯಲ್ಲಿ.

ಮಗಳಿಗೆ ಮೊದಲ ಸಲ ಫಿಟ್ಸ್ ಬಂದಾಗ ಆರು ವರ್ಷ, ಈಗ ಹನ್ನೊಂದು. ಹೆಂಡತಿ ಮನೆಯಲ್ಲೇ ಯೂನಿಫಾರ್ಮ್ ಹೊಲಿಯುವವಳು. ಶಾಲೆಯಿಂದ ಫೋನು ಬಂದರೆ ಬಟ್ಟೆಯನ್ನು ಸೂಜಿಯ ಕೆಳಗೇ ಬಿಟ್ಟು ಓಡುತ್ತಿದ್ದಳು. ಎಷ್ಟು ಉಪವಾಸ, ಎಷ್ಟು ಮಂಡಿಯೂರುವಿಕೆ ಎಂದು ಲೆಕ್ಕವಿಟ್ಟವರಿಲ್ಲ. ಹದಿನಾಲ್ಕು ತಿಂಗಳ ಹಿಂದೆ, ಸಭೆಯ ವಿಶೇಷ ಪ್ರಾರ್ಥನೆಯಲ್ಲಿ, ಮಗಳ ನೆತ್ತಿಯ ಮೇಲಿಟ್ಟ ತನ್ನ ಕೈ ಇದ್ದಕ್ಕಿದ್ದಂತೆ ಬಿಸಿಯಾಯಿತು ಎಂದಳು. ಮನೆಗೆ ಬಂದವಳೇ ಮಾತ್ರೆಗಳನ್ನೆಲ್ಲ ಕಕ್ಕಸಿಗೆ ಸುರಿದು ನೀರು ಬಿಟ್ಟಳು. ಅವನು ಹಿಂದೆಯೇ ನಿಂತಿದ್ದ. ತಡೆಯಲಿಲ್ಲ. ಅವನೂ ನಂಬಿದ್ದ, ಅಥವಾ ನಂಬುವುದಕ್ಕೆ ಅವನಿಗೂ ಆಸೆಯಿತ್ತು. ನಾಲ್ಕು ವರ್ಷ ಹೆದರಿಕೊಂಡು ಬದುಕಿದವರಿಗೆ ಇವೆರಡರ ನಡುವೆ ಹೆಚ್ಚು ವ್ಯತ್ಯಾಸ ಉಳಿದಿರುವುದಿಲ್ಲ.

ಸಭೆಯಲ್ಲಿ ಹಾಡುಗಳಾದ ಮೇಲೆ, ಉಪದೇಶಕ್ಕೆ ಮುಂಚೆ, ಸಾಕ್ಷಿ ಹೇಳುವ ಹೊತ್ತು. ಯಾರು ಬೇಕಾದರೂ ಎದ್ದು ನಿಂತು ದೇವರು ತಮಗೆ ಮಾಡಿದ್ದನ್ನು ಹೇಳಬಹುದು. ಕೆಲಸ ಸಿಕ್ಕಿತು, ಗಂಡ ಕುಡಿಯುವುದು ಬಿಟ್ಟ, ಹೀಗೆ. ಅಲ್ಲಿ ಹೇಳಿದ್ದನ್ನು ವಾಪಸು ಪಡೆದವರು ಈ ತನಕ ಇರಲಿಲ್ಲ; ಅದು ಜನರೆದುರು ಆಡಿದ ಮಾತಲ್ಲ, ದೇವರೆದುರು ಆಡಿದ್ದು. ಎರಡನೆಯ ಭಾನುವಾರ ಹೆಂಡತಿ ಎದ್ದು, ಮಗಳಿಗೆ ವಾಸಿಯಾಯಿತು, ಮಾತ್ರೆ ಬಿಟ್ಟು ಹನ್ನೊಂದು ದಿನವಾಯಿತು ಎಂದು ಸಾಕ್ಷಿ ಹೇಳಿದಳು. ಅಳುತ್ತ ಹೇಳಿದಳು. ಎಷ್ಟು ಚಂದ ಕಂಡಳೆಂದರೆ, ಮದುವೆಯ ದಿನವೂ ಅವಳು ಹಾಗೆ ಕಂಡ ನೆನಪು ಅವನಿಗಿರಲಿಲ್ಲ.

ಆ ವಾರವೇ, ಗುರುವಾರ ಮಧ್ಯಾಹ್ನ, ಅವಳು ಯೂನಿಫಾರ್ಮ್ ಕೊಟ್ಟು ಬರಲು ಹೋಗಿದ್ದಾಗ ಮಗಳು ಮೇಜಿನ ಮುಂದೆ ಲೆಕ್ಕ ಮಾಡುತ್ತಿದ್ದವಳು ಪೆನ್ಸಿಲ್ ಬಿಟ್ಟಳು. ಕಣ್ಣು ಮೇಲಕ್ಕೆ ಹೋಯಿತು. ಅವನು ನೆಲದ ಮೇಲೆ ಮಲಗಿಸಿ, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿದ. ಒಂದು ನಿಮಿಷ ನಲವತ್ತು ಸೆಕೆಂಡು.

"ಅಪ್ಪ, ನಾನು ನಿದ್ದೆ ಹೋಗ್ಬಿಟ್ನಾ?" ಎಂದು ಕೇಳಿದಳು, ಎಚ್ಚರವಾದ ಮೇಲೆ.

"ಹೂಂ ಪುಟ್ಟಿ. ಸುಸ್ತಾಗಿತ್ತಲ್ಲ."

ಮರುದಿನ ಡಾಕ್ಟರ ಹತ್ತಿರ ಹೋದ. ಅವರು ಬೈದರು, ಮನೆಯವರಿಗೆ ತಿಳಿಸಿ ಎಂದರು, ಚೀಟಿ ಬರೆದುಕೊಟ್ಟರು. ತಿಳಿಸಬೇಕೆಂದೇ ಅವನು ಮನೆಗೆ ಬಂದ. ಆದರೆ ತಿಳಿಸಿದರೆ ಹೆಂಡತಿ ದೇವರ ಹೆಸರಿನಲ್ಲಿ, ಎಂಬತ್ತು ಜನರ ಮುಂದೆ ಸುಳ್ಳು ಹೇಳಿದ ಹಾಗಾಗುತ್ತಿತ್ತು. ಅವಳು ಆ ಭಾರ ಹೊರುವುದಕ್ಕಿಂತ ತಾನು ಹೊರುವುದು ವಾಸಿ ಎಂದುಕೊಂಡ. ನಾಲ್ಕು ವಾರ ಕಳೆಯಲಿ ಎಂದುಕೊಂಡ. ಅಂದಿನಿಂದ ಹಾಲು ಕೊಡುವ ಕೆಲಸ ಅವನದಾಯಿತು. "ಮಗಳ ಹಾಲಿಗೆ ಅಪ್ಪನೇ ಆಗ್ಬೇಕು, ನಾನು ಕೊಟ್ರೆ ವಿಷ," ಎಂದು ಹೆಂಡತಿ ನೆರೆಯವರ ಮುಂದೆ ಹೇಳಿ ನಗುತ್ತಿದ್ದಳು. ನಾಲ್ಕು ವಾರ ಹದಿನಾಲ್ಕು ತಿಂಗಳಾಯಿತು. ಫಿಟ್ಸ್ ಮತ್ತೆ ಬರಲಿಲ್ಲ.

ಮಾತು ಹಬ್ಬಿತು. ಕಾಯಿಲೆಯವರು ಬಂದರೆ ವಾಸಿಯಾದ ಹುಡುಗಿಯ ಕೈ ತಲೆಯ ಮೇಲೆ ಬೀಳಲಿ ಎಂದು ಕೇಳತೊಡಗಿದರು. ಮಗಳು ಮೊದಮೊದಲು ನಾಚಿಕೊಂಡಳು, ಆಮೇಲೆ ಅಭ್ಯಾಸವಾಯಿತು. ನಾಲ್ಕು ತಿಂಗಳ ಹಿಂದೆ ಮೊಟ್ಟೆಯಕ್ಕ ತನ್ನ ಹದಿನೇಳರ ಮಗಳನ್ನು ಕರೆದುಕೊಂಡು ಬಂದಾಗಲೂ ಅವನು ತನ್ನ ಎಂದಿನ ಸಾಲಿನಲ್ಲಿ ಕೂತು ನೋಡಿದ. ಇವರು ಮಾತ್ರೆ ಬಿಡಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆ ವಾರ ಪಾಸ್ಟರ ಮನೆಗೆ ಹೋಗಿ ಸುತ್ತಿ ಬಳಸಿ ಕೇಳಿದ್ದ: "ಔಷಧಿ ತಗೊಳ್ಳೋದು ಅಪನಂಬಿಕೆನಾ ಅಯ್ಯ?"

"ಯಾರಂದ್ರು? ಸಕ್ಕರೆ ಕಾಯಿಲೆಗೆ ನಾನೇ ದಿನಕ್ಕೆ ಎರಡು ನುಂಗ್ತೀನಿ."

"ಹಾಗಾದ್ರೆ ಸಭೆಲಿ ಅದನ್ನೊಂದು ಮಾತು ಹೇಳಬಹುದಲ್ಲ."

ಪಾಸ್ಟರು ಒಳ್ಳೆಯ ಮನುಷ್ಯ, ಮಾತಿನಲ್ಲಿ ಮೆದು. ಅವರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. "ಕೇಳಿದವರಿಗೆ ಹೇಳ್ತೀನಪ್ಪ. ಕೇಳದವರ ನಂಬಿಕೆಗೆ ನಾನ್ಯಾಕೆ ಕಲ್ಲು ಹಾಕ್ಲಿ?" ಎಂದರು. ಅವನಿಗೆ ಆ ಮಾತು ಆಗ ಅನುಕೂಲವಾಗಿಯೇ ಕೇಳಿಸಿತ್ತು.

ಫೋನು ಬಂದ ಮರುದಿನ, ಗುರುವಾರ, ಮೊಟ್ಟೆಯಕ್ಕನ ಮಗಳನ್ನು ಮಣ್ಣು ಮಾಡಿದರು. ಪೆಟ್ಟಿಗೆ ಉದ್ದ ಸಾಲದೆ ಹುಡುಗಿಯ ಕಾಲನ್ನು ತುಸು ಮಡಿಸಿದ್ದರು. ಯಾರೋ ಹಿಂದಿನಿಂದ, "ನಂಬಿಕೆ ಎಲ್ಲೋ ಸಾಲದೆ ಹೋಯ್ತೇನೋ," ಎಂದು ಪಿಸುಗುಟ್ಟಿದರು. ಇನ್ನು ಯಾರೋ "ಸುಮ್ನಿರಿ" ಎಂದರು. ಮೊಟ್ಟೆಯಕ್ಕ ಅಳಲಿಲ್ಲ. ಮಗಳ ಕೂದಲನ್ನು ಒಂದೇ ಸಮನೆ ಕಿವಿಯ ಹಿಂದೆ ಸೇರಿಸುತ್ತಿದ್ದಳು. ಅದು ಸೇರಿದಷ್ಟು ಸಲವೂ ಜಾರುತ್ತಿತ್ತು.

ಅವನ ಮಗಳು ಪೆಟ್ಟಿಗೆಯ ಹತ್ತಿರ ಬರಲಿಲ್ಲ. ವಾಪಸು ಬರುವಾಗ, ಅಮ್ಮ ಮುಂದೆ ಹೋಗುತ್ತಿದ್ದುದನ್ನು ನೋಡಿ, ಅವನ ಕೈ ಹಿಡಿದು ನಿಲ್ಲಿಸಿದಳು.

"ಅಪ್ಪ, ನಾನು ಅವತ್ತು ಆ ಅಕ್ಕನ ತಲೆ ಮೇಲೆ ಕೈಯಿಟ್ಟಾಗ ಪ್ರಾರ್ಥನೆ ಮಾಡ್ತಿರ್ಲಿಲ್ಲ."

"ಮತ್ತೆ?"

"ಬೇರೆ ಏನೋ ಯೋಚಿಸ್ತಿದ್ದೆ. ಅವಳ ಕ್ಲಿಪ್ಪು ಚೆನ್ನಾಗಿತ್ತು. ಅದನ್ನ ಕೇಳಿದ್ರೆ ಕೊಡ್ತಾಳಾ ಅಂತ." ಅವಳು ತಲೆಯೆತ್ತಲಿಲ್ಲ. "ಅದಕ್ಕೇ ಅಲ್ವಾ?"

"ಹಾಗೆಲ್ಲ ಇಲ್ಲ ಪುಟ್ಟಿ."

"ಮತ್ತೆ ಯಾಕೆ?"

ಆ ಪ್ರಶ್ನೆಗೆ ಉತ್ತರ ಅವನ ಬಾಯಿಯ ತನಕ ಬಂದಿತ್ತು. ಹೆಂಡತಿ ತಿರುಗಿ ನೋಡಿ, "ಏನು ಅಲ್ಲಿ ಇಬ್ರೂ?" ಎಂದು ಕೂಗಿದಳು. ಅವನು ಮುಂದೆ ನಡೆದ. ಆ ಮೇಲೆ ಎರಡು ದಿನ ಮಗಳು ಸರಿಯಾಗಿ ಊಟ ಮಾಡಲಿಲ್ಲ. ತನ್ನ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು.

ಶುಕ್ರವಾರ ಸಂಜೆ ಮೊಟ್ಟೆಯಕ್ಕ ಮನೆಗೆ ಬಂದಳು. ಕುರ್ಚಿಯ ತುದಿಯಲ್ಲಿ ಕೂತಳು. ನೀರು ಕೊಟ್ಟರೆ ಕುಡಿಯಲಿಲ್ಲ. ತಾನು ಬಂದದ್ದು ಒಂದೇ ಒಂದು ಮಾತು ಕೇಳಲಿಕ್ಕೆ ಎಂದಳು, ಅವನ ಹೆಂಡತಿಯ ಮುಖವನ್ನೇ ನೋಡುತ್ತ.

"ನೀವು ಮಾಡಿದ್ದೇ ನಾನೂ ಮಾಡಿದ್ದು. ಉಪವಾಸ ಮಾಡಿದೆ. ಮಾತ್ರೆ ಬಿಡ್ಸಿದೆ. ನಿಮ್ಮ ಮಗು ಉಳೀತು. ನಾನು ಎಲ್ಲಿ ಕಡಿಮೆ ಬಿದ್ದೆ, ಹೇಳಿ."

ಹೆಂಡತಿ ಎದ್ದು ಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಕಾಲು ಹಿಡಿದುಕೊಂಡಳು. "ಹಾಗೆ ಕೇಳ್ಬೇಡಿ ಅಕ್ಕ. ದೇವರ ಚಿತ್ತ ನಮಗೆಲ್ಲಿ ಗೊತ್ತಾಗುತ್ತೆ."

"ಗೊತ್ತಾಗಿದೆ. ನಿಮ್ಮ ಬಾಯಿಂದ ಕೇಳೋಣ ಅಂತ ಬಂದೆ ಅಷ್ಟೆ." ಮೊಟ್ಟೆಯಕ್ಕನ ದನಿ ಸಮವಾಗಿತ್ತು, ಗಿರಾಕಿಗೆ ಲೆಕ್ಕ ಹೇಳುವ ಹಾಗೆ. "ನೀವು ಎಲ್ಲಾನೂ ಬಿಸಾಕಿದ್ರಿ. ನಾನು ಒಂದು ಪಟ್ಟಿ ಇಟ್ಕೊಂಡೆ. ಸಕ್ಕರೆ ಡಬ್ಬದ ಹಿಂದೆ. ಬೇಕಾದ್ರೆ ಇರ್ಲಿ ಅಂತ. ಬಾಯಲ್ಲಿ ನಂಬ್ತೀನಿ ಅಂದೆ, ಡಬ್ಬದ ಹಿಂದೆ ಬೇರೆ ಇಟ್ಕೊಂಡೆ. ದೇವರಿಗೆ ಗೊತ್ತಾಗಲ್ವಾ? ಭಾನುವಾರ ಎದ್ದು ಎಲ್ಲರ ಮುಂದೆ ಹೇಳ್ಬಿಡ್ತೀನಿ. ನನ್ನ ಅಪನಂಬಿಕೆನೇ ನನ್ನ ಮಗಳನ್ನ ತಿಂತು ಅಂತ."

ಹೆಂಡತಿ ಇಲ್ಲವೆನ್ನಲಿಲ್ಲ. ಅಳುತ್ತ ಅವಳ ಮಂಡಿಗೆ ಹಣೆ ಹಚ್ಚಿದಳು. ಅಲ್ಲೇ ಮೂರು ಮಾರು ದೂರದಲ್ಲಿ, ಕಪಾಟಿನ ಕೆಳಗೆ, ಬಟ್ಟುಗಳ ಪೆಟ್ಟಿಗೆ ಇತ್ತು. ಅವನು ಎದ್ದು ನಿಂತ. ಮಗಳು ಒಳಗಿನ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವನು ನಿಂತಲ್ಲೇ ನಿಂತು, "ನಿಮ್ಮನ್ನ ಮನೆ ತನಕ ಬಿಟ್ಟು ಬರ್ತೀನಿ ಅಕ್ಕ," ಎಂದ. ಬೇಡವೆಂದು ಅವಳು ಒಬ್ಬಳೇ ಹೋದಳು.

ಶನಿವಾರ ಒಂದು ಗೋದಾಮಿನ ತಕ್ಕಡಿಯನ್ನು ಮೂರು ಸಲ ಬಿಚ್ಚಿದರೂ ಮುಳ್ಳು ಸೊನ್ನೆಗೆ ನಿಲ್ಲಲಿಲ್ಲ. ಮುದ್ರೆ ಒತ್ತದೆ, ಸೋಮವಾರ ಬರುತ್ತೇನೆಂದು ಹೇಳಿ, ನೇರವಾಗಿ ಮೊಟ್ಟೆ ಅಂಗಡಿಗೆ ಹೋದ.

ಬಾಗಿಲನ್ನು ಅರ್ಧ ಎಳೆದಿದ್ದರು. ಬಗ್ಗಿ ಒಳಗೆ ಹೋದರೆ ಮೊಟ್ಟೆಯಕ್ಕ ಸ್ಟೂಲಿನ ಮೇಲೆ ಕೂತು ಮೊಟ್ಟೆ ನೋಡುತ್ತಿದ್ದಳು. ಹಳೆಯ ಬಿಸ್ಕತ್ತಿನ ಡಬ್ಬದೊಳಗೆ ಬಲ್ಬು, ಮುಚ್ಚಳದಲ್ಲಿ ಒಂದು ತೂತು. ಒಂದೊಂದೇ ಮೊಟ್ಟೆಯನ್ನು ಆ ತೂತಿನ ಮೇಲಿಟ್ಟು, ಬೆಳಕಿನಲ್ಲಿ ತಿರುಗಿಸಿ, ಒಳ್ಳೆಯದನ್ನು ಟ್ರೇಗೆ, ಕೆಟ್ಟದ್ದನ್ನು ಬಕೆಟ್ಟಿಗೆ ಹಾಕುತ್ತಿದ್ದಳು.

"ನಾಲ್ಕು ದಿನದಿಂದ ಹಾಗೇ ಬಿದ್ದಿದೆ," ಎಂದಳು. "ನೋಡದೆ ಕೊಟ್ರೆ ಜನ ಬೈತಾರೆ."

ಅವನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. "ಅಕ್ಕ, ನಿಮ್ಮ ನಂಬಿಕೆಲಿ ಏನೂ ಕಡಿಮೆ ಇರ್ಲಿಲ್ಲ. ನನ್ನ ಮಗಳು ಮಾತ್ರೆ ಬಿಟ್ಟಿಲ್ಲ. ನಾನು ಹಾಲಲ್ಲಿ ಹಾಕಿ ಕೊಡ್ತಿದೀನಿ. ಹದಿನಾಲ್ಕು ತಿಂಗಳಿಂದಾನೂ."

ತೂತಿನ ಮೇಲಿದ್ದ ಮೊಟ್ಟೆ ಅಲ್ಲೇ ಉಳಿಯಿತು. ಅದರ ಒಳಗಿನ ಹಳದಿ ಗುಂಡು ತುಸು ಅಲ್ಲಾಡಿ ನಿಂತಿತು.

"ಎಷ್ಟು?" ಎಂದಳು.

"ಬೆಳಿಗ್ಗೆ ಅರ್ಧ, ಸಂಜೆ ಅರ್ಧ."

"ನನ್ನವಳಿಗೆ ಒಂದೊಂದಿತ್ತು." ಅವಳು ಮೊಟ್ಟೆಯನ್ನು ಟ್ರೇಗೆ ಇಟ್ಟು ಇನ್ನೊಂದನ್ನು ತೆಗೆದುಕೊಂಡಳು. "ಮನೆಯವರಿಗೆ ಗೊತ್ತಾ?"

"ಇಲ್ಲ."

"ಹೇಳ್ಬೇಡಿ."

ಅವನಿಗೆ ಅರ್ಥವಾಗಲಿಲ್ಲ. "ನಾಳೆ ನೀವು ಎದ್ದು ಹಾಗೆ ಹೇಳೋದು ಬೇಡ ಅಂತ ಬಂದೆ ಅಕ್ಕ. ನಾನೇ ಎದ್ದು ಹೇಳ್ತೀನಿ."

"ನೀವು ಎದ್ರೆ, ಈ ಮನುಷ್ಯ ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿದಾನೆ ಅಂತೀನಿ." ಅವಳು ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. ಆ ಕಣ್ಣಿನಲ್ಲಿ ಇದ್ದದ್ದನ್ನು ಅವನು ತಡೆದುಕೊಳ್ಳಲಾರದೆ ಟ್ರೇಯ ಕಡೆ ನೋಡಿದ. "ತಪ್ಪು ನಂದಾದ್ರೆ ನಾನು ದೇವರ ಹತ್ರ ಕ್ಷಮೆ ಕೇಳಬಹುದು. ಕೊಡ್ತೀನಿ ಅಂದಿದಾನೆ, ಕೊಡ್ತಾನೆ. ತಪ್ಪು ನಿಮ್ದಾದ್ರೆ ನಾನು ನಿಮ್ಮನ್ನ ಕ್ಷಮಿಸ್ಬೇಕು. ಅದನ್ನೂ ಅವನೇ ಹೇಳಿರೋದು. ಅದು ನನ್ನ ಕೈಲಾಗಲ್ಲ ಅಣ್ಣ. ಸತ್ರೂ ಆಗಲ್ಲ."

ಹೊರಗೆ ಯಾರೋ ಬಾಗಿಲು ತಟ್ಟಿ, ಅಂಗಡಿ ಇದೆಯಾ ಎಂದು ಕೇಳಿದರು. ಇಲ್ಲ ಎಂದು ಅವಳು ಕೂಗಿ ಹೇಳಿದಳು.

"ಇನ್ನೊಂದು. ನಿಮ್ಮ ಮಗುಗೂ ವಾಸಿಯಾಗಿಲ್ಲ ಅಂದ್ರೆ, ನಾಲ್ಕು ತಿಂಗಳು ನಾನು ಯಾರ ಜೊತೆ ಮಾತಾಡಿದ್ದು? ಗೋಡೆ ಜೊತೆನಾ?"

"ದೇವರಿದ್ದಾನೆ ಅಕ್ಕ."

"ಇದ್ರೆ ನನ್ನನ್ನ ಅವನ ಪಾಡಿಗೆ ಬಿಡಿ. ನೀವು ನಡೀರಿ."

ರಸ್ತೆಗೆ ಬಂದಾಗ ಅವನ ಎದೆ ಹಗುರವಾಗಿತ್ತು. ಹೇಳಬೇಕಾದವರಿಗೆ ಹೇಳಿಯಾಯಿತು, ಬೇಡವೆಂದದ್ದು ಅವರೇ. ಮನೆಯ ಸುದ್ದಿ ಮನೆಯಲ್ಲೇ ಉಳಿಯಿತು. ಹೀಗೆ ಅನ್ನಿಸಿದ್ದು ಹತ್ತು ಹೆಜ್ಜೆ ಹಾಕುವಷ್ಟು ಹೊತ್ತು ಇರಬಹುದು. ಆ ಹತ್ತು ಹೆಜ್ಜೆಗಳಿಗಾಗಿ ಅವನು ಮುಂದೆ ಎಷ್ಟೋ ಕಾಲ ತನ್ನನ್ನು ತಾನು ಶಪಿಸಿಕೊಂಡ.

ಸಭೆ ಸೇರುತ್ತಿದ್ದದ್ದು ಟೈರ್ ಅಂಗಡಿಯೊಂದರ ಮೇಲಿನ ದೊಡ್ಡ ಕೋಣೆಯಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಮುಂದೆ ಒಂದು ಮೇಜು, ಮೇಜಿನ ಮೇಲೆ ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಹೊದಿಸಿದ ಬಿಳಿ ಬಟ್ಟೆ. ಅದನ್ನು ಇಸ್ತ್ರಿ ಮಾಡಿ ತರುವುದು ಅವನ ಹೆಂಡತಿಯೇ. ಅವತ್ತು ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಹಾಡು ಮುಗಿಯಿತು. ಪಾಸ್ಟರು ಸಾಕ್ಷಿ ಹೇಳುವವರು ಇದ್ದಾರೆಯೇ ಎಂದು ಕೇಳುವ ಮೊದಲೇ ಮೊಟ್ಟೆಯಕ್ಕ ಎದ್ದು ನಿಂತಿದ್ದಳು.

ಅಂದುಕೊಂಡಿದ್ದನ್ನೆಲ್ಲ ಹೇಳಿದಳು. ಒಂದು ಪಟ್ಟಿ, ಸಕ್ಕರೆ ಡಬ್ಬ, ಅಪನಂಬಿಕೆ. ಎಲ್ಲಿಯೂ ತಡವರಿಸಲಿಲ್ಲ, ಎಲ್ಲಿಯೂ ಅವನ ಕಡೆ ನೋಡಲಿಲ್ಲ. "ನನ್ನ ಹಾಗೆ ಯಾರೂ ಎರಡು ಮನಸ್ಸು ಇಟ್ಕೋಬೇಡಿ," ಎಂದು ಮುಗಿಸಿ ಕೂತಳು. ಸ್ತೋತ್ರ, ಸ್ತೋತ್ರ ಎಂದು ಕೋಣೆಯ ಆ ತುದಿಯಿಂದ ಈ ತುದಿಯವರೆಗೆ ದನಿಗಳು ಎದ್ದವು. ಗಂಡಸರೂ ಅಳುತ್ತಿದ್ದರು. ಪಾಸ್ಟರು ಕನ್ನಡಕ ತೆಗೆದು ಒರೆಸಿದರು.

ಮೂರನೆಯ ಸಾಲಿನಲ್ಲಿ ಹೊಸಬಳೊಬ್ಬಳು ಎದ್ದಳು. ಚಿಕ್ಕ ವಯಸ್ಸು, ಸೊಂಟದ ಮೇಲೆ ಎರಡು ಮೂರು ವರ್ಷದ ಮಗು, ಮಗುವಿನ ತಲೆಗೆ ಉಣ್ಣೆಯ ಟೋಪಿ. ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಬ್ಯಾಗು ತಡಕಿ, ಕಂದು ಬಣ್ಣದ ಸಿರಪ್ಪಿನ ಬಾಟಲಿ ತೆಗೆದಳು. ನಡೆದು ಬಂದು ಅದನ್ನು ಬಿಳಿ ಬಟ್ಟೆಯ ಪಕ್ಕ ಮೇಜಿನ ಮೇಲಿಟ್ಟಳು.

"ನಾನೂ ಇಟ್ಕೊಂಡಿದ್ದೆ," ಎಂದಳು. ಹಲ್ಲು ಕಟಕಟ ಎನ್ನುತ್ತಿತ್ತು. "ಇವನಿಗೂ ಅದೇ ಕಾಯಿಲೆ. ನಂಗೆ ಎರಡು ಮನಸ್ಸು ಬೇಡ. ವಾಸಿಯಾದ ಆ ಹುಡುಗಿ ಕೈಯಿಡ್ಲಿ."

ಹೆಂಡತಿ ಮಗಳ ಬೆನ್ನು ಮುಟ್ಟಿದಳು. "ಹೋಗು ಪುಟ್ಟಿ."

ಮಗಳು ಏಳಲಿಲ್ಲ. ಕೈಗಳು ತೊಡೆಯ ಕೆಳಗೇ ಇದ್ದವು. ಎಲ್ಲರೂ ತಿರುಗಿ ನೋಡಿದರು. ಹೆಂಡತಿ ಇನ್ನೊಮ್ಮೆ ಮೆತ್ತಗೆ ತಳ್ಳಿದಾಗ ಎದ್ದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದಳು. ಹೋಗುತ್ತ ಒಮ್ಮೆ ಹಿಂದಿರುಗಿ ಅಪ್ಪನನ್ನು ನೋಡಿದಳು. ಆ ಹೆಂಗಸು ಮಗುವಿನ ಟೋಪಿ ತೆಗೆದಳು. ಮಗುವಿನ ಕೂದಲು ಬೆವರಿಗೆ ಅಂಟಿಕೊಂಡಿತ್ತು. ಮಗಳ ಕೈ ಅದರ ಮೇಲಕ್ಕೆ ಚಾಚಿತು. 

ಅದು ತಲೆ ಮುಟ್ಟುವ ಮೊದಲೇ ಅವನು ಎದ್ದು ಹೋಗಿ ಅವಳ ಮಣಿಕಟ್ಟು ಹಿಡಿದ.

ಯಾವಾಗ ಎದ್ದೆ, ಯಾರ ಕಾಲು ತುಳಿದುಕೊಂಡು ಬಂದೆ ಎಂದು ಅವನಿಗೆ ಗೊತ್ತಿರಲಿಲ್ಲ. ಮಗಳ ಕೈ ತಣ್ಣಗಿತ್ತು.

"ಇವಳಿಗೆ ವಾಸಿಯಾಗಿಲ್ಲ," ಎಂದ. ಎಲ್ಲರ ಕಡೆ ತಿರುಗಿ ಮತ್ತೆ ಹೇಳಿದ. "ವಾಸಿಯಾಗಿಲ್ಲ. ಇವತ್ತು ಬೆಳಿಗ್ಗೇನೂ ಅರ್ಧ ಮಾತ್ರೆ ಕೊಟ್ಟಿದೀನಿ. ಹದಿನಾಲ್ಕು ತಿಂಗಳಿಂದ ಕೊಡ್ತಿದೀನಿ. ಇವಳಿಗೂ ಗೊತ್ತಿಲ್ಲ, ಇವಳಮ್ಮಂಗೂ ಗೊತ್ತಿಲ್ಲ. ಅವಳು ಸುಳ್ಳು ಹೇಳಿಲ್ಲ. ಸುಳ್ಳು ನಂದು."

ಕೆಳಗೆ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಓಡುತ್ತಿತ್ತು.

"ಹಾಲಲ್ಲಾ?" ಎಂದು ಹೆಂಡತಿ ಕೇಳಿದಳು. ಕೂತಲ್ಲಿಂದಲೇ, ಮನೆಯಲ್ಲಿ ಕೇಳುವಷ್ಟೇ ದನಿಯಲ್ಲಿ.

"ಹೂಂ."

ಅವಳು ಮಡಿಲಲ್ಲಿದ್ದ ಹಾಡಿನ ಪುಸ್ತಕವನ್ನು ಮುಚ್ಚಿ, ಮಗಳೆದ್ದು ಹೋದ ಪಕ್ಕದ ಕುರ್ಚಿಯ ಮೇಲಿಟ್ಟು, ಎಲ್ಲಿಗೂ ಹೋಗದೆ, ಯಾರನ್ನೂ ನೋಡದೆ ಕೂತಳು. ಮಗಳು ಅವನ ಹಿಡಿತದಿಂದ ಕೈ ಬಿಡಿಸಿಕೊಂಡಳು.

ಇನ್ನು ಮೊಟ್ಟೆಯಕ್ಕ ಎದ್ದು ತಾನು ಅಂದ ಹಾಗೆಯೇ ಅನ್ನುತ್ತಾಳೆ ಎಂದು ಅವನು ಕಾದ. ಅವಳು ಎದ್ದಳು. ಸಾಲು ದಾಟಿ ಮುಂದೆ ಬಂದಳು. ಅವನ ಭುಜಕ್ಕೆ ತಾಗುವಷ್ಟು ಹತ್ತಿರದಿಂದ, ಅಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆಂಬುದೇ ಇಲ್ಲದ ಹಾಗೆ ಹಾದು ಹೋಗಿ, ಮೇಜಿನ ಮೇಲಿದ್ದ ಬಾಟಲಿಯನ್ನು ಎತ್ತಿಕೊಂಡಳು. ಕೈ ಉದ್ದ ಚಾಚಿ ಅದರ ಮೇಲೆ ಬರೆದದ್ದನ್ನು ಓದಲು ನೋಡಿದಳು. ಓದಲಾಗಲಿಲ್ಲ.

"ಎಷ್ಟು ಹೊತ್ತಿಗೆ ಕೊಡ್ಬೇಕು ಇದನ್ನ?" ಎಂದು ಆ ಹೆಂಗಸನ್ನು ಕೇಳಿದಳು.

"ಹತ್ತಕ್ಕೆ."

ಗೋಡೆಯ ಗಡಿಯಾರದಲ್ಲಿ ಹತ್ತೂಮುಕ್ಕಾಲು ಆಗಿತ್ತು. ಮೊಟ್ಟೆಯಕ್ಕ ಬಾಟಲಿಯ ಮುಚ್ಚಳ ತಿರುಗಿಸಿ, ಅದರಲ್ಲಿದ್ದ ಗೆರೆಯ ತನಕ ಸಿರಪ್ಪು ಬಗ್ಗಿಸಿದಳು. ಸ್ವಲ್ಪ ಅವಳ ಬೆರಳಿನ ಮೇಲೆ ಚೆಲ್ಲಿತು. ಬೆರಳನ್ನು ಸೀರೆಗೆ ಒರೆಸಿಕೊಂಡು, ಮಂಡಿಯೂರಿ, ಮಗುವಿನ ಗಲ್ಲ ಹಿಡಿದಳು.

"ಆ ಅನ್ನು," ಎಂದಳು.

ಮಗು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬಾಯಿ ತೆರೆಯಿತು.